ಸ್ಟೌವ್ ರಾಯರ ಮನೆಯವರು

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಈಸಿಚೇರಿನಲ್ಲಿ ಕುಳಿತೆ. ಅಡಿಯಲ್ಲಿ ‘ಪಟ್’ ಎಂದಿತು. ಈ ವಯಸ್ಸಿನಲ್ಲಿ ಅಂಥ ಸದ್ದು ಕೇಳಿದರೆ ಮನುಷ್ಯ ಮೊದಲು ಅನುಮಾನಿಸುವುದು ತನ್ನ ಮೂಳೆಗಳನ್ನೇ. ಎದ್ದು ನೋಡಿದರೆ ಮೊಮ್ಮಗಳ ಪ್ಲಾಸ್ಟಿಕ್ ಮೊಟ್ಟೆ. ಒಳಗೊಂದು ಚಾಕೊಲೇಟು, ಒಂದು ಪುಟಾಣಿ ಗೊಂಬೆ ಇಟ್ಟು ಅಂಗಡಿಯಲ್ಲಿ ಮಾರುತ್ತಾರಲ್ಲ, ಅದು. ಕೆಂಪು ಬಣ್ಣದ್ದು, ಎರಡು ಹೋಳಾಗಿತ್ತು. ಅವಳು ಸ್ಕೂಲಿನಿಂದ ಬಂದು ರಂಪ ಮಾಡುವ ಮೊದಲು ಕೂಡಿಸಿಬಿಡೋಣವೆಂದು ಕನ್ನಡಕ ಹಾಕಿಕೊಂಡವನು, ಕೂಡಿಸುವುದನ್ನು ಮರೆತು, ಆ ಕೆಂಪನ್ನೇ ನೋಡುತ್ತ ಕಳಲೆಯ ನಮ್ಮ ಹಳೇ ಮನೆಯ ರಾಗಿ ಗುಡಾಣದ ಹತ್ತಿರ ಹೋಗಿಬಿಟ್ಟೆ.

ನಮ್ಮದು ಶಿವಪೂಜೆಯ ಮನೆ. ಅಂಥ ಮನೆಯ ರಾಗಿ ಗುಡಾಣದೊಳಗೆ ಒಮ್ಮೆ ಒಂದು ಕೆಂಪು ಮೊಟ್ಟೆ ಸಿಕ್ಕಿತು. ಪ್ಲಾಸ್ಟಿಕ್ಕಿನದಲ್ಲ, ಸಾಕ್ಷಾತ್ ಕೋಳಿಯದು. ರಾಗಿ ಅಳೆಯಲು ಹೋದ ಅಮ್ಮನ ಸೇರಿನೊಳಗೆ ಅದು ಉರುಳಿಕೊಂಡು ಬಂತು. ಅಮ್ಮ ಸೇರನ್ನು ಅಲ್ಲೇ ಬಿಟ್ಟು ಹೊರಗೋಡಿಬಂದಳು. ಮೊಟ್ಟೆ, ಅದೂ ಕೆಂಪು, ಅದೂ ರಾಗಿಯೊಳಗೆ ಹುಗಿದದ್ದು ಅಂದರೆ ಇನ್ನೇನು ಆಗಿರಲು ಸಾಧ್ಯ? ಮಾಟ. ಅಪ್ಪನಿಗೆ ಕೂಡಲೇ ಬದುವಿನ ಜಗಳದಲ್ಲಿದ್ದ ದಾಯಾದಿಯ ಮೇಲೆ ಅನುಮಾನ ಬಂತು. ಮಠದ ಅಯ್ನೋರು ಬಂದರು. ಗಂಜಳ ಎರಚಿದರು, ವಿಭೂತಿ ಕಟ್ಟಿದರು. ಜಗಲಿಯ ತುಂಬ ಜನ. ನಾನು ಕಂಬವನ್ನು ತಬ್ಬಿಕೊಂಡು, ಮಾಟದ ಬಗ್ಗೆ ನನಗೇನೂ ಗೊತ್ತಿಲ್ಲದವನ ಮುಖ ಮಾಡಿಕೊಂಡು ನಿಂತಿದ್ದೆ.

ಅದೇ ಹೊತ್ತಿಗೆ ನಮ್ಮ ಪಂಪ್‌ಸೆಟ್ಟು ರಿಪೇರಿಗೆಂದು ನಂಜನಗೂಡಿನಿಂದ ಜಾನಪ್ಪ ಬಂದ. ಜೊತೆಯಲ್ಲಿ ಅವನ ಮಗ, ನನ್ನ ಕ್ಲಾಸಿನ ಅಲೆಕ. ಅಷ್ಟು ಜನರ ನಡುವೆ ಅಲೆಕ ನನ್ನನ್ನು ನೋಡಿ ಸಂತೋಷದಿಂದ ಕೇಳಿದ:

“ಶಿವೂ, ಎಲೆನತ್ತೆ ಕೊಟ್ಟ ಮೊಟ್ಟೆ ಇನ್ನೂ ಒಡ್ದಿಲ್ವೇನ್ಲಾ?”

ಆ ಮೇಲಿನದನ್ನು ವಿವರವಾಗಿ ಬರೆಯುವ ಅಗತ್ಯವಿಲ್ಲ. ನನಗೆ ಸ್ನಾನವಾಯಿತು, ಗುಡಾಣಕ್ಕೆ ಸ್ನಾನವಾಯಿತು, ಅಷ್ಟೂ ರಾಗಿ ಎಮ್ಮೆಗಳ ಪಾಲಾಯಿತು. ದಾಯಾದಿ ಮಾತ್ರ ಅಂದಿನಿಂದ ಎಷ್ಟೋ ವರ್ಷ ನಮ್ಮಪ್ಪನನ್ನು ಕಂಡಾಗಲೆಲ್ಲ ‘ಮೊಟ್ಟೆ ಒಡೀತಾ ಅಣ್ಣೋ’ ಎಂದು ಕೇಳುತ್ತಿದ್ದ.

ಈ ಎಲೆನತ್ತೆ ಯಾರು, ಅವಳೇಕೆ ನನಗೆ ಮೊಟ್ಟೆ ಕೊಟ್ಟಳು ಎಂದು ಹೇಳಬೇಕಾದರೆ ಸ್ಟೌವ್ ರಾಯರಿಂದ ಶುರುಮಾಡಬೇಕು.

ಅಲೆಕನ ತಾತನ ನಿಜವಾದ ಹೆಸರು ಸ್ಟಾವ್ರೋಸ್. ಗ್ರೀಕರು. ಸಮುದ್ರದ ಆಚೆ ರೇಷ್ಮೆ ತೆಗೆಯುವ ಯಾವುದೋ ಊರಿನವರು. ಆ ಊರಿಗೆ ಯುದ್ಧ ಬಂದು ಮನೆಮಠ ಸುಟ್ಟುಹೋಗಿ, ಮೀಸೆ ಮೂಡುವ ಮೊದಲೇ ಹಡಗು ಹತ್ತಿದರಂತೆ. ಎಲ್ಲೆಲ್ಲೋ ಅಲೆದು ಕೊನೆಗೆ ಮಹಾರಾಜರ ಕಾಲದಲ್ಲಿ ತಿ. ನರಸೀಪುರಕ್ಕೆ ಬಂದು, ಒಬ್ಬ ಬಿಳಿಯ ಸಾಹುಕಾರನ ಹತ್ತಿರ ರೇಷ್ಮೆ ನೂಲು ತೆಗೆಯುವ ಯಂತ್ರಗಳ ರಿಪೇರಿ ಕೆಲಸಕ್ಕೆ ಸೇರಿದರು. ಮೈಸೂರಿನ ಕ್ರೈಸ್ತರ ಹುಡುಗಿಯೊಬ್ಬಳನ್ನು ಮದುವೆಯಾದರು. ಜಾನಪ್ಪ ಹುಟ್ಟಿದ, ಎಲೆನಿ ಹುಟ್ಟಿದಳು. ಆಮೇಲೆ ಸಾಹುಕಾರ ಕಾರ್ಖಾನೆ ಮುಚ್ಚಿ ತನ್ನ ದೇಶಕ್ಕೆ ಹೊರಟುಹೋದ. ಇವರಿಗೆ ಹೋಗಲು ದೇಶವಿರಲಿಲ್ಲ. ನಂಜನಗೂಡಿಗೆ ಬಂದು, ರೈಸ್‌ಮಿಲ್ಲಿನ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದು, ಮುಂದಿನ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೌವ್ ರಿಪೇರಿಗೆ ಕೂತರು.

ಅವರು ಹೆಸರು ಸ್ಟಾವ್ರೋಸ್ ಎಂದರು. ಊರಿನವರಿಗೆ ಅದು ‘ಸ್ಟೌವ್ ರಾಯ್ರು’ ಎಂದು ಕೇಳಿಸಿತು. ಮಾಡುವ ಕೆಲಸವೂ ಅದೇ ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಯಾವ ದೇಶ ಸ್ವಾಮಿ ಎಂದು ಕೇಳಿದವರಿಗೆ ‘ಗ್ರೀಸು’ ಎನ್ನುತ್ತಿದ್ದರು. ಕೈಯೆಲ್ಲ ಗ್ರೀಸು ಮೆತ್ತಿಕೊಂಡ ಮನುಷ್ಯ ಗ್ರೀಸು ಅಂದರೆ ಜನ ಏನೆಂದುಕೊಂಡಾರು? ತಲೆಯಾಡಿಸಿ ಹೋಗುತ್ತಿದ್ದರು. ನಾನೇ ಹೈಸ್ಕೂಲಿಗೆ ಬರುವವರೆಗೂ ಗ್ರೀಸು ಡಬ್ಬದಲ್ಲಿ ಬರುತ್ತದೆ ಎಂದೇ ತಿಳಿದಿದ್ದೆ. ಆಗ ಚರಿತ್ರೆಯ ಮೇಷ್ಟರು ಅಲೆಕ್ಸಾಂಡರನ ಪಾಠ ಮಾಡಿದರು. ಗ್ರೀಕರ ಸೈನ್ಯ ನದಿಯವರೆಗೆ ಬಂದು, ಸುಸ್ತಾಗಿ, ವಾಪಸು ಹೋಯಿತು ಎಂದು ಹೇಳಿ, ಹಿಂದಿನ ಬೆಂಚಿನಲ್ಲಿ ಕೂತಿದ್ದ ನಮ್ಮ ಅಲೆಕ್ಸಾಂಡರನ ಕಡೆ ಕೋಲು ತೋರಿಸಿ, “ಇವನೊಬ್ಬ ಹೋಗಲಿಲ್ಲ” ಎಂದರು. ಕ್ಲಾಸೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಲೆಕನೇ.

ಎಲೆನಿ ಊರಿನ ಬಾಯಲ್ಲಿ ಎಲೆನಮ್ಮ, ಅಲೆಕನಿಗೂ ನನಗೂ ಎಲೆನತ್ತೆ. ಮದುವೆಯಾಗಲಿಲ್ಲ. ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನ ಅರ್ಧ ಹೆಂಗಸರ ರವಿಕೆ ಹೊಲಿಯುತ್ತಿದ್ದಳು. ಅವರಪ್ಪ ತನ್ನ ದೇಶದಿಂದ ತಂದದ್ದು ಏನೂ ಇರಲಿಲ್ಲ. ಭಾಷೆಯೂ ಅವರೊಂದಿಗೇ ಹೋಯಿತು. ಉಳಿದದ್ದು ವರ್ಷಕ್ಕೊಮ್ಮೆ ಈಸ್ಟರಿನಲ್ಲಿ ಈರುಳ್ಳಿ ಸಿಪ್ಪೆ, ಬಣ್ಣ ಹಾಕಿ ಕೆಂಪಗೆ ಬೇಯಿಸುವ ಮೊಟ್ಟೆ ಮಾತ್ರ. ಒಬ್ಬರ ಕೈಯ ಮೊಟ್ಟೆಗೆ ಇನ್ನೊಬ್ಬರು ಕುಟ್ಟಬೇಕು, ಒಡೆಯದೆ ಉಳಿದವರದು ಗೆಲುವು. ಆ ವರ್ಷ ಗೆದ್ದದ್ದು ನಾನು. ಗೆದ್ದ ಮೊಟ್ಟೆಯನ್ನು ಬಿಸಾಡಲು ಮನಸ್ಸು ಬರದೆ ಗುಡಾಣದಲ್ಲಿ ಇಟ್ಟದ್ದು.

ಊರಿನವರ ಕಣ್ಣಿಗೆ ಆ ಮನೆಯವರು ಶ್ರೀಮಂತರು. ಬೆಕ್ಕಿನ ಕಣ್ಣು, ತಾಮ್ರದ ಕೂದಲು, ಬಿಳಿ ತೊಗಲು ಇದ್ದ ಮೇಲೆ ದುಡ್ಡೂ ಇರಲೇಬೇಕಲ್ಲ. ಗಣಪತಿ ಚಂದಾಕ್ಕೆ ಹುಡುಗರು ಮೊದಲು ಅವರ ಬಾಗಿಲಿಗೇ ಹೋಗುತ್ತಿದ್ದರು. ಸೊಪ್ಪಿನವಳು ಬೀದಿಯಲ್ಲಿ ಹೇಳುತ್ತ ಬಂದ ಬೆಲೆ ಆ ಮನೆಯ ಮುಂದೆ ಬಂದಾಗ ತಾನಾಗಿ ಏರುತ್ತಿತ್ತು. ಎಲೆನತ್ತೆ ಸೆರಗು ಸಿಕ್ಕಿಸಿ ಹೊರಗೆ ಬಂದು, “ನನ್ ಮಕ ನೋಡ್ಬುಟ್ಟು ರೇಟ್ ಯೋಳ್ಬ್ಯಾಡ ಕಣವ್ವಾ, ಸೊಪ್ಪಿನ್ ಮಕ ನೋಡ್ಕಂಡು ಯೋಳು” ಎನ್ನುತ್ತಿದ್ದಳು.

ಶಾಲೆಯ ಸ್ವಾತಂತ್ರ್ಯ ದಿನದ ನಾಟಕದಲ್ಲಿ ಬ್ರಿಟಿಷ್ ಕಲೆಕ್ಟರನ ಪಾರ್ಟು ಪ್ರತಿ ವರ್ಷ ಅಲೆಕನಿಗೇ. ನಾವೆಲ್ಲ ಬಡ ಭಾರತೀಯರು. ಕಲೆಕ್ಟರನಿಗೆ ಬೂಟು ಬೇಕು, ಅವನ ಹತ್ತಿರ ಚಪ್ಪಲಿಯೂ ಇರುತ್ತಿರಲಿಲ್ಲ. ಹಾಗಾಗಿ ಬಡ ಭಾರತೀಯನಾದ ನಾನು ನನ್ನ ಬೂಟು ಬಿಚ್ಚಿ ಕೊಡುತ್ತಿದ್ದೆ. ಅದನ್ನು ಹಾಕಿಕೊಂಡು ಅವನು ನನ್ನನ್ನೇ ಒದೆಯುತ್ತಿದ್ದ. ನಾಟಕ ಮುಗಿದ ಮೇಲೆ ಬೂಟು ಒರೆಸಿ ವಾಪಸು ಕೊಡುತ್ತಿದ್ದ.

ನಮಗೆ ನಾಲೆ ಬಯಲಿನಲ್ಲಿ ಗದ್ದೆಯಿತ್ತು. ಹೈಸ್ಕೂಲು ಮುಗಿದಾಗ ಮೈಸೂರಿನಲ್ಲಿ ನಮ್ಮವರ ಮಠದ ಹಾಸ್ಟೆಲ್ಲಿತ್ತು. ಕಾಲೇಜು ಮುಗಿದಾಗ ಮೇಷ್ಟರ ಕೆಲಸ ಖಾಲಿಯಿದೆ ಎಂದು ಹೇಳಲು ಕಚೇರಿಯಲ್ಲಿ ಒಬ್ಬ ಸೋದರಮಾವ ಇದ್ದ. ಹೆಣ್ಣು ಹುಡುಕಲು ಊರೂರಿಗೆ ನೆಂಟರಿದ್ದರು. ನಾನು ಎಲ್ಲಿಯೂ ಬೀಳದ ಹಾಗೆ ಹಿಡಿಯಲು ದಾರಿಯುದ್ದಕ್ಕೂ ಕೈಗಳಿದ್ದವು. ಲೆಕ್ಕದಲ್ಲಿ ನನಗಿಂತ ಎಷ್ಟೋ ಚುರುಕಾಗಿದ್ದ ಅಲೆಕನಿಗೆ ಹಾಸ್ಟೆಲ್ ಸಿಗಲಿಲ್ಲ. ಆ ಜನಕ್ಕೊಂದು, ಈ ಜನಕ್ಕೊಂದು, ಸರ್ಕಾರದ್ದೊಂದು ಎಂದು ಹಾಸ್ಟೆಲುಗಳೇನೋ ಇದ್ದವು, ಆದರೆ ಅವನು ಯಾವ ಜನ? ಕ್ರೈಸ್ತರ ಹಾಸ್ಟೆಲಿಗೆ ಹೋದರೆ ನೀವು ಯಾವ ಚರ್ಚಿಗೆ ಸೇರಿದವರು ಎಂದರು. ತಾತನ ಚರ್ಚು ಬೇರೆ, ಅದು ಈ ಸೀಮೆಯಲ್ಲೇ ಇಲ್ಲ. ಅವನು ಅಪ್ಪನ ಜೊತೆ ಪಂಪ್‌ಸೆಟ್ಟು ಮೋಟರಿನ ಸುರುಳಿ ಸುತ್ತುವ ಕೆಲಸಕ್ಕೆ ಕೂತ. ಇವತ್ತಿಗೂ ಅದೇ ಕೆಲಸ.

ಇಷ್ಟೂ ಹಳೆಯ ಕತೆ. ಈಗ ನಾಲ್ಕೈದು ವರ್ಷದ ಹಿಂದಿನದಕ್ಕೆ ಬರುತ್ತೇನೆ. ಅಷ್ಟು ಹೊತ್ತಿಗೆ ನಾನು ರಿಟೈರಾಗಿ ನಂಜನಗೂಡಿನಲ್ಲಿ ಕಟ್ಟಿದ ಮನೆಯಲ್ಲಿದ್ದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ಕಳಲೆ ಬಿಟ್ಟು ನಮ್ಮ ಜೊತೆಗೆ ಬಂದಿದ್ದಳು. ಗದ್ದೆಯನ್ನು ಬೆಳೆಯಲ್ಲಿ ಪಾಲಿನ ಮೇಲೆ ವಾರಕ್ಕೆ ಕೊಟ್ಟಿದ್ದೆವು. ಜಾನಪ್ಪನೂ ಅಲೆಕನ ಹೆಂಡತಿಯೂ ತೀರಿಕೊಂಡಿದ್ದರು, ಮಗಳು ಮದುವೆಯಾಗಿ ಕೊಳ್ಳೇಗಾಲದಲ್ಲಿದ್ದಳು. ರೈಸ್‌ಮಿಲ್ಲಿನ ಹಿಂದಿನ ಆ ಹಳೇ ಬಾಡಿಗೆ ಮನೆಯಲ್ಲಿ ಅವನೂ ಎಂಬತ್ತರ ಹತ್ತಿರದ ಎಲೆನತ್ತೆಯೂ ಇಬ್ಬರೇ.

ಒಂದು ದಿನ ಅಲೆಕ ಬಂದು ಗೇಟಿನ ಹತ್ತಿರವೇ ನಿಂತ.

“ಮನೆ ಖಾಲಿ ಮಾಡು ಅಂತವ್ರೆ ಕಣೋ. ಕೆಡವಿ ಕಾಂಪ್ಲೆಕ್ಸ್ ಕಟ್ತರಂತೆ.”

“ತಾತನ ಕಾಲದಿಂದ ಇದೀರಲ್ಲೋ.”

“ಅದ್ಕೇ ಇಷ್ಟ್ ದಿನ ಸುಮ್ನಿದ್ರಂತೆ. ಅವರ್ದೂ ತಪ್ಪಿಲ್ಲ ಬುಡು, ಅವರ ಮನೆ.”

ಮನೆ ಹುಡುಕಲು ಹೊರಟೆವು. ನಾನು ಮೇಷ್ಟರಾಗಿದ್ದವನು, ಊರಿನಲ್ಲಿ ನಾಲ್ಕು ಜನಕ್ಕೆ ಗುರುತು, ಒಂದು ವಾರದಲ್ಲಿ ಹುಡುಕಿಕೊಡುತ್ತೇನೆ ಎಂದು ಹೇಳಿದ್ದೆ. ಅಂಥ ಮಾತನ್ನು ಹೇಳುವಾಗ ನನ್ನ ಧ್ವನಿ ಸ್ವಲ್ಪ ದಪ್ಪಗಾಗುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಮೊದಲ ಮನೆಯವರು ಎಲೆನತ್ತೆಯನ್ನು ಕಂಡೊಡನೆ ಎದ್ದು ನಿಂತರು. ಕುರ್ಚಿ ಒರೆಸಿ ಹಾಕಿದರು. ಕಾಫಿ ಬಂತು.

“ಯಾವ ಕಂಟ್ರಿ ಮೇಡಂ ತಾವು?”

“ಇದೇ ಊರು ಕಣಪ್ಪ. ರೈಸ್‌ಮಿಲ್ ಇಂದ್ಗಡೆ ಬೀದಿ.”

ಅವರ ಮುಖ ಸ್ವಲ್ಪ ಇಳಿಯಿತು. ಯೋಗ ಕಲಿಯಲು ಬಂದ ವಿದೇಶಿಯರು ಮೈಸೂರಿನಲ್ಲಿ ಕೇಳಿದಷ್ಟು ಬಾಡಿಗೆ ಕೊಡುತ್ತಾರೆ ಎಂಬುದು ಇಲ್ಲಿನವರಿಗೂ ತಿಳಿದ ವಿಷಯ. ಆದರೂ ಕೇಳಿದರು.

“ಅಂದ್ರೆ, ಯಾವ ಜನ?”

“ಕಿರಸ್ತಾನ್ರು.”

“ಓ. ಮನೆಗೆ ನಮ್ಮ ಭಾಮೈದ ಬರ್ತೀನಿ ಅಂದಿದ್ದ ಮೇಷ್ಟ್ರೇ. ಅವನ್ನೊಂದು ಮಾತು ಕೇಳ್ಬುಟ್ಟು ಯೋಳ್ತೀನಿ.”

ಆ ವಾರದಲ್ಲಿ ನಂಜನಗೂಡಿನ ಎಷ್ಟು ಮನೆಗಳಿಗೆ ಎಷ್ಟು ಭಾವಮೈದಂದಿರು ಬರುವವರಿದ್ದರೋ. ಯಾರೂ ಕೆಟ್ಟವರಲ್ಲ. ಎಲ್ಲರೂ ಕಾಫಿ ಕೊಟ್ಟರು. ಒಬ್ಬರಂತೂ ಎಲೆನತ್ತೆ ತಮ್ಮ ಮದುವೆಯ ರವಿಕೆ ಹೊಲಿದದ್ದನ್ನು ನೆನೆಸಿಕೊಂಡು, ಅವಳ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡರು. ಮನೆ ಮಾತ್ರ ಕೊಡಲಿಲ್ಲ.

ತಿ. ನರಸೀಪುರದಲ್ಲಿ ಒಬ್ಬರು ಕ್ರೈಸ್ತರೇ ಮನೆ ಬಾಡಿಗೆಗೆ ಕೊಡುತ್ತಾರೆ ಎಂದು ಯಾರೋ ಹೇಳಿದರು. ಮೂವರೂ ಬಸ್ಸು ಹತ್ತಿದೆವು. ಮನೆ ಚೆನ್ನಾಗಿತ್ತು, ನೀರಿತ್ತು. ಮನೆಯ ಯಜಮಾನರು ಮೃದು ಮಾತಿನವರು.

“ಮಾಂಸ ಮಡ್ಡಿಗೆಲ್ಲ ನಮ್ದೇನೂ ಅಡ್ಡಿಯಿಲ್ಲ. ನಮ್ಮ ಚರ್ಚಿನೋರ್ಗೇ ಕೊಡ್ಬೇಕು ಅಂತ ನಮ್ಮ ಮನೆಯೋರ್ದು ಆಸೆ. ನೀವು ಯಾವ ಚರ್ಚು?”

ಅಲೆಕ ಬಾಯಿ ತೆರೆಯುವ ಮೊದಲೇ ಎಲೆನತ್ತೆ, “ನಮ್ದು ಈ ಕಡೆ ಎಲ್ಲೂ ಇಲ್ಲ ಕಣಪ್ಪ” ಎಂದು ಹೇಳಿ ಎದ್ದಳು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಹೊಳೆ ಕಡೆ ಹೋಗೋಣ ಎಂದಳು. ಕಾವೇರಿಯೂ ನಮ್ಮ ಕಪಿಲೆಯೂ ಕೂಡುವಲ್ಲಿ ಮೆಟ್ಟಿಲ ಮೇಲೆ ಕೂತೆವು. ಅಲೆಕ ಕಡಲೆಕಾಯಿ ತಂದ. ನನಗೆ ನಾಚಿಕೆಯಾಗಿತ್ತು. ನನ್ನ ಗುರುತು, ನನ್ನ ಮೇಷ್ಟರಿಕೆ, ನನ್ನ ದಪ್ಪ ಧ್ವನಿ ಒಂದೂ ಕೆಲಸಕ್ಕೆ ಬಂದಿರಲಿಲ್ಲ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ನಮ್ಮ ಮನೆಯ ಹಿಂಭಾಗದಲ್ಲೇ ಎರಡು ಕೋಣೆ, ಒಂದು ಅಡುಗೆಮನೆ ಖಾಲಿ ಬಿದ್ದಿದ್ದವು. ಇದ್ದ ಬಾಡಿಗೆಯವರು ವರ್ಗವಾಗಿ ಹೋಗಿದ್ದರು. ಅಲೆಕನಿಗೆ ಅದು ಗೊತ್ತಿತ್ತು. ಅವನಿಗೆ ಗೊತ್ತಿದೆ ಎಂದು ನನಗೆ ಗೊತ್ತಿತ್ತು. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಕಾರಣ ಅಮ್ಮ. ರಾಗಿ ಗುಡಾಣಕ್ಕೆ ಸ್ನಾನ ಮಾಡಿಸಿದವಳು. ಆ ವಯಸ್ಸಿನಲ್ಲೂ ಹೋಟೆಲಿನಿಂದ ಏನು ತಂದರೂ ಮುಟ್ಟದವಳು. ಅರವತ್ತು ದಾಟಿದ್ದರೂ ಅವಳ ಮುಂದೆ ನನಗೆ ಧ್ವನಿ ಸಣ್ಣಗಾಗುತ್ತಿತ್ತು.

ಎಲೆನತ್ತೆ ಕಡಲೆಕಾಯಿ ಸಿಪ್ಪೆಯನ್ನು ಸೆರಗಿನಲ್ಲಿ ಕೂಡಿಹಾಕುತ್ತ ಆಚೆ ದಡ ನೋಡುತ್ತಿದ್ದಳು.

“ನಾನು ಉಟ್ಟಿದ್ದು ಇಲ್ಲೇ ಕಣ್ಲಾ ಶಿವೂ. ನಮ್ಮಪ್ಪ ಇಲ್ಲಿ ಮಿಷನ್ ರಿಪೇರಿ ಮಾಡ್ತಿದ್ದಾಗ. ಆ ಜಾಗ ಎಲ್ಲದೆ ಅಂತ್ಲೂ ಗೊತ್ತಾಗ್ನಿಲ್ಲ ಈಗ.”

ಸೆರಗಿನ ಸಿಪ್ಪೆಯನ್ನು ಕೊಡವಿ ಮತ್ತೆ ಹೇಳಿದಳು.

“ಎಲ್ರೂ ಎಲ್ಲಿಂದ ಬಂದ್ರಿ, ಎಲ್ಲಿಂದ ಬಂದ್ರಿ ಅಂತರೆ. ನಮ್ಮಪ್ಪ ಊರು ಬುಟ್ಟು ಬಂದ, ಸರಿ. ನಾನು ಯಾವೂರ ಬುಟ್ಟು ಬಂದೆ ಯೋಳು.”

ಬಸ್ಸಿನ ಹೊತ್ತಾಯಿತೆಂದು ನಾನು ಎದ್ದೆ. ಮೂವರೂ ನಂಜನಗೂಡಿಗೆ ಬಂದಿಳಿದೆವು.

ಸಂಜೆ ಅಮ್ಮ ಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಜಗಲಿಗೆ ಬಂದು ಕೂತಳು. ವಾರವೆಲ್ಲ ಎಲ್ಲಿ ಸುತ್ತುತ್ತಿದ್ದೀಯ ಎಂದು ಕೇಳಿದಳು. ಹೇಳಿದೆ. ಹಿಂದಿನ ಕೋಣೆಗಳ ಮಾತು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಹೊಳೆಯ ಮೆಟ್ಟಿಲ ಮೇಲೆ ಎಲೆನತ್ತೆ ಆಡಿದ ಮಾತನ್ನೂ ಹೇಳಿದೆ. ಅಮ್ಮ ಎದ್ದು ಒಳಗೆ ಹೋದಳು.

ಬೆಳಗ್ಗೆ ಕಾಫಿಯಾದ ಮೇಲೆ, “ಒಂದು ಆಟೋ ಕರಿ” ಎಂದಳು.

“ಎಲ್ಲಿಗಮ್ಮ?”

“ಆ ರವಿಕೆ ಒಲಿಯೋಳ ಅಟ್ಟೀಗೆ.”

ಇಷ್ಟು ವರ್ಷ ಅಮ್ಮನ ರವಿಕೆಗಳೆಲ್ಲ ಎಲೆನತ್ತೆಯೇ ಹೊಲಿದದ್ದು. ಆದರೆ ಬಟ್ಟೆ ಕೊಡುವುದು ತರುವುದು ನನ್ನ ಮೂಲಕ. ಅಮ್ಮ ಆ ಮನೆಯ ಹೊಸಿಲು ತುಳಿದವಳಲ್ಲ. ಅವಳು ಜಗಳಕ್ಕೆ ಹೊರಟಳೋ ಸಮಾಧಾನಕ್ಕೋ ಗೊತ್ತಾಗದೆ ನಾನು ಆಟೋದಲ್ಲಿ ಅವಳ ಪಕ್ಕ ಕೈಕಟ್ಟಿ ಕೂತೆ.

ಎಲೆನತ್ತೆ ಆಗಲೇ ಪಾತ್ರೆಗಳನ್ನು ಮೂಟೆ ಕಟ್ಟುತ್ತಿದ್ದಳು. ಅಮ್ಮನನ್ನು ನೋಡಿ ಕೈಯಲ್ಲಿದ್ದ ಹಗ್ಗ ಬಿಟ್ಟಳು.

“ಬನ್ನಿ ಗೌರಮ್ಮೋರೆ. ಕೂತ್ಕಳಿ ಅನ್ನಾಕೂ ಕುರ್ಚಿ ಕಟ್ಬುಟ್ಟಿವ್ನಿ.”

ಅಮ್ಮ ಅಲ್ಲೇ ಇದ್ದ ಮೂಟೆಯೊಂದರ ಮೇಲೆ ಕೂತಳು.

“ಎಲ್ಗೋಯ್ತೀಯ?”

“ಗೊತ್ತಿಲ್ಲ. ಅಣ್ಣನ ಮೊಮ್ಮಗಳು ಕೊಳ್ಳೇಗಾಲಕ್ಕೆ ಬಾ ಅಂತಳೆ. ಅವಳ ಅತ್ತೆ ಮಾವ ಇರೋ ಮನೆ. ನಾನೆಂಗೋಗಿ ಕೂತ್ಕಳ್ಲಿ.”

“ನಮ್ಮನೆ ಇಂದ್ಗಡೆ ಎರಡು ರೂಮು ಖಾಲಿ ಅದೆ. ಈ ನನ್ ಮಗ ಊರೆಲ್ಲ ಸುತ್ತವ್ನೆ, ಅದ ಬುಟ್ಟು.”

ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಅಂದಿನ ತಿಥಿ ನೋಡತೊಡಗಿದೆ. ಎಲೆನತ್ತೆ ನನ್ನ ನೆರವಿಗೆ ಬಂದಳು.

“ಅವನಿಗೇನ್ ಗೊತ್ತು. ನಿಮ್ದು ಪೂಜೆ ಪುನಸ್ಕಾರದ ಮನೆ, ನಮ್ಮಿಂದ ಯಾಕೆ ತೊಂದ್ರೆ ಅಂತ.”

“ಪೂಜೆ ನಂದು. ಮನೆಗೇನಾದದು.” ಅಮ್ಮ ಸೊಂಟದ ಎಲೆಅಡಿಕೆ ಚೀಲ ತೆಗೆದಳು. “ನೋಡು ಎಲೆನಮ್ಮ. ನಂದು ತೌರು ಚಿಕ್ಕಯ್ಯನಛತ್ರ. ಮದ್ವೆ ಆಗಿ ಕಳಲೆಗೆ ಬಂದಾಗ ನಂಗೆ ಮೈನೆರೆದು ವರ್ಸ ಆಗಿರ್ಲಿಲ್ಲ. ಎಂಟು ಎತ್ತೆ, ಮೂರು ಉಳೀತು, ಗದ್ದೆ ಕೆಸ್ರು ತುಳಿದೆ, ಅತ್ತೆ ಮಾವನ್ನ ಮಣ್ ಮಾಡ್ದೆ, ಗಂಡನ್ನೂ ಮಾಡ್ದೆ. ಇವತ್ತೂ ಆ ಊರ್ನಲ್ಲಿ ನನ್ನ ಏನಂತ ಕರಿತರೆ ಗೊತ್ತಾ? ಛತ್ರದೋಳು. ನಂದೇ ಇಂಗಾದ್ರೆ ನಿಂದೇನು.”

ಎಲೆನತ್ತೆ ಬಂದು ಇನ್ನೊಂದು ಮೂಟೆಯ ಮೇಲೆ ಕೂತಳು. ಅಮ್ಮ ಎರಡು ಎಲೆ ತೆಗೆದು, ಒಂದಕ್ಕೆ ಸುಣ್ಣ ಸವರಿ ಅವಳ ಕೈಗೆ ಕೊಟ್ಟಳು. ನನ್ನ ಅಮ್ಮ ಪರರ ಮನೆಯಲ್ಲಿ ಪರರಿಗೆ ಎಲೆ ಮಡಿಸಿ ಕೊಟ್ಟದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಚೌಕಾಸಿ ಆಮೇಲೆ ಶುರುವಾಯಿತು.

“ಕಟ್ಟುನಿಟ್ಟು ಒಂದದೆ. ಮಾಂಸ ಮನೇಲಿ ಮಾಡಂಗಿಲ್ಲ.”

“ಬಾಯ್ನಲ್ಲಿ ಒಂದ್ ಅಲ್ಲೂ ಇಲ್ಲ ಕಣವ್ವಾ, ಎಲ್ ತಿನ್ನಾನೆ.”

“ಮೊಟ್ಟೆ?”

“ಅದೊಂದು ಬೇಕು. ಡಾಕ್ಟ್ರು ಯೋಳವ್ರೆ.”

ಅಮ್ಮ ಬಹಳ ಹೊತ್ತು ಎಲೆ ಅಗಿದಳು.

“ಬಿಳೀದಾದ್ರೆ ಆಗ್ಲಿ. ಕೆಂಪ್ಗೆ ಬ್ಯಾಡ.”

ಎಲೆನತ್ತೆಗೆ ಮೊದಲು ನಗು ಬಂತು. ಆಮೇಲೆ ಅಮ್ಮನಿಗೂ ಬಂತು. ಇಬ್ಬರೂ ಬೊಚ್ಚುಬಾಯಿ ಮುಚ್ಚಿಕೊಂಡು ಅಲುಗಾಡಿದ್ದನ್ನು ನೋಡಿ ಆಟೋದವನು ಹಾರ್ನ್ ಹೊಡೆಯುವುದನ್ನು ನಿಲ್ಲಿಸಿದ.

ಹೀಗೆ ಸ್ಟೌವ್ ರಾಯರ ಮನೆಯವರು ನಮ್ಮ ಮನೆಯ ಹಿಂಭಾಗಕ್ಕೆ ಬಂದರು. ಬಾಡಿಗೆ ಬೇಡ ಎಂದು ನಾನು ಹೇಳಬೇಕೆಂದಿದ್ದೆ, ಅಮ್ಮ ಬಿಡಲಿಲ್ಲ. ‘ಬಿಟ್ಟಿ ಇದ್ರೆ ಅವಳು ನನ್ನ ಮುಂದೆ ತಲೆ ತಗ್ಗಿಸ್ಬೇಕಾಯ್ತದೆ, ಈಸ್ಕೊ’ ಎಂದಳು. ಎಲೆನತ್ತೆ ತಿಂಗಳಿಗೊಮ್ಮೆ ಬಾಡಿಗೆಯನ್ನು ಅಮ್ಮನ ಕೈಗೇ ಕೊಡುತ್ತಿದ್ದಳು. ಕೊಟ್ಟ ದಿನ ಹಿತ್ತಿಲ ನಲ್ಲಿ ಸರಿಯಿಲ್ಲ, ಸೊಳ್ಳೆ ಪರದೆಗೆ ಮೊಳೆ ಹೊಡೆಸಿಲ್ಲ ಎಂದು ಜೋರು ಮಾಡುತ್ತಿದ್ದಳು. ಅಮ್ಮ ನನ್ನನ್ನು ಕರೆದು ಬೈಯುತ್ತಿದ್ದಳು. ಅಲೆಕ ನನ್ನ ಹಿಂದಿನಿಂದ ಬಂದು ನಲ್ಲಿ ರಿಪೇರಿ ಮಾಡುತ್ತಿದ್ದ.

ನಮ್ಮ ನೆಂಟರಲ್ಲಿ ಕೆಲವರು ಒಂದಷ್ಟು ದಿನ ನಮ್ಮ ಮನೆಯಲ್ಲಿ ನೀರು ಕುಡಿಯುವಾಗ ಲೋಟವನ್ನು ಎರಡು ಸಲ ನೋಡಿದರು. ಆಮೇಲೆ ಅದೂ ಹೋಯಿತು. ಇಬ್ಬರು ಮುದುಕಿಯರೂ ಬೆಳಗಿನ ಬಿಸಿಲಿಗೆ ಹಿತ್ತಿಲಲ್ಲಿ ಕೂತು ಸೊಪ್ಪು ಬಿಡಿಸುವುದು ರೂಢಿಯಾಯಿತು. ಏನು ಮಾತಾಡುತ್ತಿದ್ದರೋ ತಿಳಿಯದು. ನಾನು ಹತ್ತಿರ ಹೋದರೆ ಸುಮ್ಮನಾಗುತ್ತಿದ್ದರು. ನನ್ನ ಹೆಂಡತಿಯ ಪ್ರಕಾರ ಮಾತೆಲ್ಲ ನನ್ನ ವಿಷಯವೇ.

ಎರಡು ವರ್ಷ ಕಳೆದ ಮೇಲೆ ಅಮ್ಮ ಹಾಸಿಗೆ ಹಿಡಿದಳು. ನೋವಿರಲಿಲ್ಲ, ಎಣ್ಣೆ ಮುಗಿದ ಹಾಗೆ. ಒಂದು ಮಧ್ಯಾಹ್ನ ಹತ್ತಿರ ಕರೆದಳು.

“ನನ್ನ ನಿಮ್ಮಪ್ಪನ ಪಕ್ಕದಲ್ಲಿ ಕೂರಿಸ್ತೀರಿ, ಅದು ಗೊತ್ತು. ಆ ಕಡೆ ಒಂದು ಜಾಗ ಅದೆಯಲ್ಲ, ಬೇವಿನ ಮರದ ತಾವು. ಅದು ಎಲೆನಮ್ಮಂಗೆ.”

ನಮ್ಮಲ್ಲಿ ಸುಡುವ ಪದ್ಧತಿಯಿಲ್ಲ. ಕಳಲೆಯ ಗದ್ದೆಯ ಮೇಲ್ಗಡೆ ಒಂದು ಮೂಲೆಯಲ್ಲಿ ನಮ್ಮ ಹಿರಿಯರನ್ನೆಲ್ಲ ಕೂರಿಸಿ ಮಣ್ಣು ಮಾಡಿದ್ದೇವೆ.

“ಅವಳಿಗೆ ಇಲ್ಲಿ ಯಾರ ಸಮಾದೀಲೂ ಜಾಗ ಕೊಡಕಿಲ್ವಂತೆ. ಅವರಪ್ಪನ್ನ ಮೈಸೂರಿಗೆ ತಕೊಂಡೋಗಿ ಯಾರ್ಯಾರ್ದೋ ಪಕ್ಕ ಉಗುದ್ರಂತೆ. ಗುರ್ತೇ ಇಲ್ವಂತೆ ಈಗ. ಅವಳ್ನ ಅಂಗೆ ಕಳಿಸ್ಬ್ಯಾಡ.”

ನನ್ನ ಚಿಕ್ಕಪ್ಪ ಅಲ್ಲೇ ಕೂತಿದ್ದರು. “ಅತ್ಗಮ್ಮ, ಹಿರೀಕ್ರು ಇರೋ ಜಾಗ ಅದು. ಹೊರಗಿನೋರ್ನ…” ಎಂದು ಶುರುಮಾಡಿದರು.

“ಗದ್ದೇಲಿ ನನ್ನ ಬೆವರೂ ಅದೆ ಕಣಪ್ಪ,” ಎಂದಳು ಅಮ್ಮ. ಚಿಕ್ಕಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು.

ಅದಾದ ಮೂರನೆಯ ದಿನ ಅಮ್ಮ ಹೋದಳು. ಕಳಲೆಗೆ ಎಲೆನತ್ತೆಯೂ ಬಂದಳು, ಎಲ್ಲರ ಜೊತೆಗೆ ಮಣ್ಣು ಹಾಕಿದಳು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಆದರೆ ತಿಂಗಳೊಪ್ಪತ್ತು ಹಿತ್ತಿಲಲ್ಲಿ ಸೊಪ್ಪು ಬಿಡಿಸಲು ಕೂರಲಿಲ್ಲ, ಒಳಗೇ ಬಿಡಿಸುತ್ತಿದ್ದಳು.

ಅಮ್ಮ ಹೇಳಿದ ಜಾಗದ ವಿಷಯ ಅವಳಿಗೆ ಹೇಗೆ ಹೇಳುವುದು? ‘ಅತ್ತೆ, ನಿನ್ನನ್ನು ಹೂಳಲು ಜಾಗ ಗೊತ್ತು ಮಾಡಿದ್ದೇವೆ’ ಎಂಬುದು ಕನ್ನಡ ಮೇಷ್ಟರಾಗಿ ಜೀವನ ಸವೆಸಿದ ನನಗೂ ನಾಜೂಕಾಗಿ ಹೇಳಲು ಬರದ ವಾಕ್ಯ. ಬಹಳ ದಿನ ಮುಂದೂಡಿ ಕೊನೆಗೊಂದು ದಿನ ಅಲೆಕನ ಎದುರಿಗೇ ಹೇಳಿಬಿಟ್ಟೆ. ಅಲೆಕ ಮುಖ ತಿರುಗಿಸಿಕೊಂಡು ಕಿಟಕಿಯ ಚಿಲಕವನ್ನು ಪರೀಕ್ಷಿಸತೊಡಗಿದ.

ಎಲೆನತ್ತೆ ಮುಖದ ಮೇಲೆ ಸೆರಗು ಎಳೆದುಕೊಂಡು ಒಂದು ಸಲ ಒರೆಸಿಕೊಂಡಳು. ಆಮೇಲೆ ಹೇಳಿದಳು.

“ಬದ್ಕಿದ್ದಾಗ ಬಾಡ್ಗೆ ಈಸ್ಕಂಡ್ಳು. ಸತ್ಮೇಲೆ ಬಿಟ್ಟಿ ಕೊಡ್ತಾಳಂತಾ?”

ಮುಂದಿನ ಭಾನುವಾರವೇ ಜಾಗ ತೋರಿಸು ಎಂದು ಹಟ ಹಿಡಿದಳು. ಕರೆದುಕೊಂಡು ಹೋದೆವು. ಬದುವಿನ ಮೇಲೆ ಅಲೆಕನ ಕೈ ಹಿಡಿದುಕೊಂಡು ಮೆಲ್ಲಗೆ ನಡೆದು, ಬೇವಿನ ಮರದ ಕೆಳಗೆ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನಾಲ್ಕೂ ಕಡೆ ನೋಡಿದಳು. ಮನೆ ಹುಡುಕುವಾಗ ಕೊಟ್ಟ ಮನೆಯನ್ನು ಹೇಗಿದ್ದರೂ ಸರಿ ಎಂದು ಒಪ್ಪಲು ಸಿದ್ಧಳಿದ್ದ ಹೆಂಗಸು ಇವಳೇ.

“ಇಲ್ಲಿ ನೀರು ನಿಂತದೆ ಕಣ್ಲಾ ಶಿವೂ. ಒಸಿ ಮೇಲ್ಗಡೆ ಕೊಡು.”

“ಕೊಡೋಣ ಅತ್ತೆ.”

“ನಿಮ್ಮೋರೆಲ್ಲ ಕೂತ್ಕಂಡವ್ರೆ. ನಾನು ಮನಿಕೊಳೋಳು. ಉದ್ದಕ್ ಬೇಕಾಯ್ತದೆ.”

“ಆಗ್ಲಿ ಅತ್ತೆ.”

ಅವಳು ಈಗಲೂ ಗಟ್ಟಿಯಾಗಿದ್ದಾಳೆ. ಎರಡು ತಿಂಗಳಿಗೊಮ್ಮೆ ಕಳಲೆಗೆ ಕರೆದುಕೊಂಡು ಹೋಗಲೇಬೇಕು. ಆ ಜಾಗದ ಸುತ್ತ ಅಲೆಕನ ಕೈಯಲ್ಲಿ ಕಲ್ಲು ಜೋಡಿಸಿದ್ದಾಳೆ, ನುಗ್ಗೆ ಕಡ್ಡಿ ನೆಟ್ಟಿದ್ದಾಳೆ. ಅದು ಚಿಗುರಿದೆ. ವಾರಕ್ಕೆ ಮಾಡುವವನಿಗೆ ಅವಳನ್ನು ಕಂಡರೆ ನನಗಿಂತ ಹೆಚ್ಚು ಭಯ.

ಹೋದ ಸಲ ನಾನೂ ಅಲೆಕನೂ ನಾಲೆಯ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದೆವು. ಮೇಲ್ಗಡೆಯಿಂದ ಎಲೆನತ್ತೆಯ ಕೂಗು ಕೇಳಿಸಿತು. ಎದ್ದು ನೋಡಿದರೆ, ಯಾರದೋ ಹಸು ನುಗ್ಗೆಗೆ ಬಾಯಿ ಹಾಕಿದೆ. ಅವಳು ಊರುಗೋಲನ್ನು ಎತ್ತಿ ಬೀಸುತ್ತ, ಬಯಲಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಾಳೆ:

“ಯಾರ್ದ್ಲಾ ಈ ಅಸ? ಇಡ್ಕಳ್ರಲಾ. ನನ್ನ ಜಮೀನ್ಗೆ ನುಗ್ಗದೆ.”